ಇಂಗ್ಲೆಂಡಿನ ಮೊಘಲ್ ಮನೆ: ಹೆಮ್ಮೆಪಡಬೇಕೋ, ಸಿಟ್ಟಾಗಬೇಕೋ?

ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಬಂಗಲೆ ಎಂದಕೂಡಲೇ ನಮಗೆಲ್ಲ ಕಣ್ಣಿಗೆ ಕಟ್ಟುವ ಚಿತ್ರ ಹೆಚ್ಚುಕಡಿಮೆ ಒಂದೇ. ಹಸಿರು ಹುಲ್ಲುಗಾವಲಿನ ನಡುವೆ ಉದ್ದನೆಯ ಕಲ್ಲಿನ ಕಟ್ಟಡ, ಒಂದೇ ಅಳತೆಯ ಕಿಟಕಿಗಳ ಸಾಲು, ಮುಂಭಾಗದಲ್ಲಿ ಗ್ರೀಕ್ ದೇವಾಲಯದ ಹಾಗೆ ಕಂಬಗಳು, ಕಂಬಗಳ ಮೇಲೆ ತ್ರಿಕೋನದ ಮುಕುಟ. ಸಿನಿಮಾಗಳಲ್ಲಿ ನೋಡಿ ನೋಡಿ ಅದು ನಮಗೆ ಪರಿಚಿತವಾಗಿಬಿಟ್ಟಿದೆ.

ಆದರೆ ಗ್ಲಾಸ್ಟರ್‌ಶೈರ್ ಎಂಬ ಜಿಲ್ಲೆಯಲ್ಲಿ, ಮೊರ್ಟನ್-ಇನ್-ಮಾರ್ಷ್ ಎಂಬ ಸಣ್ಣ ಪಟ್ಟಣದ ಹತ್ತಿರ, ಸೆಜಿನ್‌ಕೋಟ್ ಎಂಬ ಒಂದು ಮನೆಯಿದೆ. ಅದರ ನೆತ್ತಿಯ ಮೇಲೆ ಈರುಳ್ಳಿ ಆಕಾರದ ಗುಮ್ಮಟ. ಅದಕ್ಕೆ ತಾಮ್ರದ ಹೊದಿಕೆ. ಗಾಳಿಮಳೆಗೆ ಆ ತಾಮ್ರ ಈಗ ತಿಳಿಹಸಿರಾಗಿದೆ. ಚಾವಣಿಯ ಮೂಲೆಗಳಲ್ಲಿ ಪುಟ್ಟ ಛತ್ರಿಗಳು. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಕಲ್ಲಿನ ಛಜ್ಜಾ, ಅದನ್ನು ಹೊತ್ತ ಸಾಲು ಸಾಲು ಕೈಕಲ್ಲುಗಳು. ನವಿಲು ಗರಿ ಬಿಚ್ಚಿದ ಹಾಗೆ ಕೆತ್ತಿದ ಕಿಟಕಿಯ ಕಮಾನುಗಳು. ಹಳದಿ ಛಾಯೆಯ ಸ್ಥಳೀಯ ಕಲ್ಲು. ಆಗ್ರಾ, ದೆಹಲಿಯ ಯಾವುದೋ ಗೋರಿ ಕಟ್ಟಡದ ಒಂದು ತುಂಡನ್ನು ಎತ್ತಿ ತಂದು ಇಂಗ್ಲೆಂಡಿನ ಗುಡ್ಡದ ಮೇಲೆ ಇಟ್ಟಂತೆ ಕಾಣುತ್ತದೆ.

ನಮ್ಮ ಇತಿಹಾಸ ತರಗತಿಯಲ್ಲಿ ಈ ಮನೆಯ ಚಿತ್ರ ತೋರಿಸಿದಾಗ ಎರಡು ಬಗೆಯ ಮಾತು ಕೇಳಿಬಂತು. ಕೆಲವರು, "ನೋಡಿ, ಇಂಗ್ಲಿಷರೇ ನಮ್ಮನ್ನು ನಕಲು ಮಾಡಿದ್ದಾರೆ" ಎಂದು ಬೀಗಿದರು. ಇನ್ನು ಕೆಲವರು, "ನಮ್ಮ ದೇಶ ದೋಚಿದ ಹಣದಲ್ಲಿ ಕಟ್ಟಿದ ಮನೆ, ಅದನ್ನು ಹೊಗಳುವುದೇನು ಬಂತು" ಎಂದು ಸಿಟ್ಟಾದರು. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಎರಡೂ ಕಡೆಯವರು ಕಟ್ಟಡವನ್ನು ಸರಿಯಾಗಿ ನೋಡುವ ಮೊದಲೇ ತೀರ್ಪು ಕೊಟ್ಟರು ಎಂಬುದು ನನ್ನ ಅನಿಸಿಕೆ. ಒಂದು ಕಟ್ಟಡದ ಮುಂದೆ ನಿಂತಾಗ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆ ಪ್ರಶ್ನೆ ನಮ್ಮ ಕಾಲೇಜಿಗೂ ಈಗ ಬೇಕಾಗಿದೆ. ಅದಕ್ಕೇ ಈ ಲೇಖನ.

ಮೊದಲು ಮನೆಯ ಕಥೆ ಹೇಳುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕರ್ನಲ್ ಆಗಿದ್ದ ಜಾನ್ ಕಾಕರೆಲ್ ಎಂಬಾತ 1795ರಲ್ಲಿ ಈ ಎಸ್ಟೇಟನ್ನು ಕೊಂಡ. ಮೂರೇ ವರ್ಷದಲ್ಲಿ ತೀರಿಕೊಂಡ. ಆಸ್ತಿ ಕೊನೆಗೆ ತಮ್ಮ ಚಾರ್ಲ್ಸ್ ಕಾಕರೆಲ್ ಕೈಗೆ ಬಂತು. ಚಾರ್ಲ್ಸ್ ಕೂಡ ಬಂಗಾಳದಲ್ಲಿ ಕಂಪನಿಯ ಕೆಲಸದಲ್ಲಿದ್ದವನು. ಜೊತೆಗೆ ಹಣಕಾಸಿನ ವ್ಯವಹಾರ ನಡೆಸುವ ಏಜೆನ್ಸಿ ಸಂಸ್ಥೆಯೊಂದರಲ್ಲಿ ಪಾಲುದಾರ. ಕಂಪನಿಯ ನೌಕರರು ಭಾರತದಲ್ಲಿ ಸಂಪಾದಿಸಿದ ದುಡ್ಡನ್ನು ಇಂಗ್ಲೆಂಡಿಗೆ ಸಾಗಿಸಲು ಇಂಥ ಸಂಸ್ಥೆಗಳೇ ದಾರಿಯಾಗಿದ್ದವು. ಊರಿಗೆ ಮರಳಿದ ಚಾರ್ಲ್ಸ್ 1805ರ ಸುಮಾರಿಗೆ ತನ್ನ ಅಣ್ಣ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ ಕೈಯಲ್ಲಿ ಈ ಮನೆಯನ್ನು ಕಟ್ಟಿಸತೊಡಗಿದ. ಅದೇ ವಾಸ್ತುಶಿಲ್ಪಿ ಅದಕ್ಕೂ ಮೊದಲು, ಅಲ್ಲೇ ಹತ್ತಿರದ ಡೇಲ್ಸ್‌ಫರ್ಡ್‌ನಲ್ಲಿ ವಾರನ್ ಹೇಸ್ಟಿಂಗ್ಸ್‌ಗೆ ಮನೆ ಕಟ್ಟಿಕೊಟ್ಟಿದ್ದ. ಬಂಗಾಳದ ಮೊದಲ ಗವರ್ನರ್ ಜನರಲ್ ಎಂದು ನಾವು ಪಠ್ಯಪುಸ್ತಕದಲ್ಲಿ ಓದುವ ಹೇಸ್ಟಿಂಗ್ಸ್ ಅವನೇ. ಭ್ರಷ್ಟಾಚಾರದ ಆರೋಪದ ಮೇಲೆ ಅವನ ವಿಚಾರಣೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 1788ರಿಂದ 1795ರವರೆಗೆ ನಡೆಯಿತು; ಕೊನೆಗೆ ಖುಲಾಸೆಯಾಯಿತು.

ಹೀಗೆ ಭಾರತದಿಂದ ದುಡ್ಡು ಮಾಡಿಕೊಂಡು ಬಂದವರನ್ನು ಅಲ್ಲಿನ ಜನ ‘ನೇಬಾಬ್’ ಎಂದು ಕರೆಯುತ್ತಿದ್ದರು. ನಮ್ಮ ‘ನವಾಬ್’ ಶಬ್ದವೇ ಅವರ ಬಾಯಲ್ಲಿ ಹಾಗಾಯಿತು. ಅದು ಮರ್ಯಾದೆಯ ಹೆಸರಾಗಿರಲಿಲ್ಲ, ಗೇಲಿಯ ಹೆಸರು. ತಲೆತಲಾಂತರದ ಜಮೀನ್ದಾರರ ನಡುವೆ ಹೊಸ ದುಡ್ಡಿನ ಈ ಜನ ಮನೆ ಕಟ್ಟಿ, ಜಮೀನು ಕೊಂಡು, ಪಾರ್ಲಿಮೆಂಟಿಗೂ ಹೋಗುತ್ತಿದ್ದುದು ಹಳಬರಿಗೆ ಸಹಿಸಲಾಗುತ್ತಿರಲಿಲ್ಲ. ಹಾಗಾಗಿ ನೇಬಾಬರಲ್ಲಿ ಹೆಚ್ಚಿನವರು ಭಾರತದ ನಂಟನ್ನು ಮರೆಮಾಚಿ, ಎಲ್ಲರಂತೆ ಗ್ರೀಕ್ ಕಂಬದ ಮನೆಯನ್ನೇ ಕಟ್ಟಿಸಿಕೊಂಡರು. ಚಾರ್ಲ್ಸ್ ಕಾಕರೆಲ್ ಒಬ್ಬ ಮಾತ್ರ ಅದನ್ನು ಮನೆಯ ನೆತ್ತಿಯ ಮೇಲೆಯೇ ಏರಿಸಿಟ್ಟ. ಈ ಒಂದು ವಿಷಯದಲ್ಲಿ ಆತ ಉಳಿದವರಿಗಿಂತ ಪ್ರಾಮಾಣಿಕ ಎಂದು ನನಗೆ ಅನಿಸುತ್ತದೆ. ತನ್ನ ಹಣ ಎಲ್ಲಿಂದ ಬಂತು ಎಂಬುದನ್ನು ಆ ಮನೆ ಮುಚ್ಚಿಡುವುದಿಲ್ಲ.

ಇನ್ನು ಈ ಆಕಾರಗಳು ಅಲ್ಲಿಗೆ ಹೋದದ್ದು ಹೇಗೆ? ಇಲ್ಲಿ ನಮ್ಮ ನಾಡಿನ ಒಂದು ಎಳೆ ಸೇರಿಕೊಳ್ಳುತ್ತದೆ. ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಡೇನಿಯಲ್ ಎಂಬ ಇಬ್ಬರು ಚಿತ್ರಕಾರರು 1786ರಲ್ಲಿ ಕಲ್ಕತ್ತೆಗೆ ಬಂದಿಳಿದರು. ಗಂಗೆಯ ಬಯಲು, ಆಗ್ರಾ, ದೆಹಲಿ ಎಲ್ಲ ಸುತ್ತಿ ಚಿತ್ರ ಬರೆದರು. 1792ರಲ್ಲಿ ಮದ್ರಾಸಿನಿಂದ ಹೊರಟು ಬೆಂಗಳೂರಿನವರೆಗೂ ಬಂದರು. ಆ ವರ್ಷವನ್ನು ಗಮನಿಸಿ. ಮೂರನೇ ಮೈಸೂರು ಯುದ್ಧ ಮುಗಿದು, ಅದೇ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಗಿತ್ತು. ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಗಿ ಬಂದು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿದ್ದ ಸಮಯ. ಸೈನ್ಯ ನಡೆದ ದಾರಿಯಲ್ಲೇ ಚಿತ್ರಕಾರರೂ ನಡೆದರು. ಊರಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ 144 ಮುದ್ರಿತ ಚಿತ್ರಗಳನ್ನು ಕಂತು ಕಂತಾಗಿ ಪ್ರಕಟಿಸಿದರು. ಭಾರತವನ್ನು ಕಣ್ಣಿನಿಂದ ಕಾಣದ ಇಂಗ್ಲಿಷರಿಗೆ ಗುಮ್ಮಟ, ಗೋಪುರ, ಮಂಟಪಗಳನ್ನು ತೋರಿಸಿದ್ದು ಈ ಚಿತ್ರಗಳೇ.

ಸೆಜಿನ್‌ಕೋಟ್ ಕಟ್ಟುವಾಗ ಥಾಮಸ್ ಡೇನಿಯಲ್ ಸಲಹೆಗಾರನಾಗಿದ್ದ. ತೋಟದಲ್ಲಿ ಅವನ ಕೈವಾಡ ಎದ್ದು ಕಾಣುತ್ತದೆ. ಸೂರ್ಯದೇವರ ಪುಟ್ಟ ಗುಡಿ, ಮುಂದೆ ಕೊಳ, ಕೊಳದಿಂದ ಇಳಿದು ಹೋಗುವ ತೊರೆ, ತೊರೆಗೆ ಒಂದು ಸೇತುವೆ. ಸೇತುವೆಯ ಕಂಬಗಳಿಗೆ ಎಲಿಫೆಂಟಾ ಗುಹೆಯ ಕಂಬಗಳ ಮಾದರಿ. ಸೇತುವೆಯ ಮೇಲೆ ಕಾಲು ಮಡಚಿ ಕುಳಿತ ನಂದಿಗಳು. ಮುಂದೆ ಹೋದರೆ ಮರದ ಕಾಂಡಕ್ಕೆ ಸುತ್ತಿಕೊಂಡ ಹಾವಿನ ಕಾರಂಜಿ. ಮೇಲೆ ನೋಡಿದರೆ ಮೊಘಲ್ ಗುಮ್ಮಟ, ಕೆಳಗೆ ನಂದಿ. ಅವರಿಗೆ ಇದೆಲ್ಲ ಸೇರಿ ಒಂದೇ: ‘ಇಂಡಿಯನ್’.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಮ್ಮಟ, ಕಮಾನು ಎಂದರೆ ಹೊರಗಿನದು, ನಂದಿ, ಮಂಟಪ ಎಂದರೆ ಒಳಗಿನದು ಎಂದು ಇಂದು ಗೆರೆ ಎಳೆದು ಮಾತಾಡುವವರು ನಮ್ಮ ನಡುವೆಯೇ ಇದ್ದಾರೆ. ಇನ್ನೂರು ವರ್ಷಗಳ ಹಿಂದಿನ ಇಂಗ್ಲಿಷ್ ವಾಸ್ತುಶಿಲ್ಪಿಗೆ ಆ ಗೆರೆ ಕಾಣಲಿಲ್ಲ. ಅವನಿಗೆ ವಿಶಾಲ ಹೃದಯ ಇತ್ತು ಎಂದು ನಾನು ಹೇಳುತ್ತಿಲ್ಲ. ವ್ಯತ್ಯಾಸ ತಿಳಿಯದೆ ಬೆರೆಸಿದ್ದೂ ಇರಬಹುದು. ಆದರೆ ಅವನ ಮುಂದೆ ಇದ್ದ ಮಾದರಿಗಳಲ್ಲೇ ಅದು ಆಗಲೇ ಬೆರೆತಿತ್ತು. ಅಕ್ಬರನ ಕಾಲದ ಫತೇಪುರ್ ಸಿಕ್ರಿಯನ್ನು ನೋಡಿ. ಗುಮ್ಮಟ ಮತ್ತು ದೊಡ್ಡ ಕಮಾನು ಇರಾನ್, ಮಧ್ಯ ಏಷ್ಯಾದ ಕಡೆಯಿಂದ ಬಂದವು. ಚಾಚಿದ ಛಜ್ಜಾ, ಅದನ್ನು ಹೊರುವ ಕೈಕಲ್ಲು, ಕಂಬದ ಮೇಲೆ ತೊಲೆ ಇಡುವ ಕ್ರಮ ಗುಜರಾತ್, ರಾಜಸ್ಥಾನದ ಕಲ್ಲುಕುಟಿಗರು ತಲೆಮಾರುಗಳಿಂದ ಮಾಡುತ್ತಿದ್ದ ಕೆಲಸ. ಎರಡನ್ನೂ ಒಂದೇ ಗೋಡೆಗೆ ಕೂಡಿಸಿದವರು ಇಲ್ಲಿನ ಕೈಗಳೇ. ಆದ್ದರಿಂದ ‘ಮೊಘಲ್ ಶೈಲಿ’ ಎಂದು ನಾವು ಕರೆಯುವುದರಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಬಿಡಿಸಿಡಲು ಹೊರಟರೆ ಕಟ್ಟಡವನ್ನೇ ಕೆಡವಬೇಕಾಗುತ್ತದೆ.

ಇನ್ನು ಮನೆಯೊಳಗೆ ಹೋಗೋಣ. ಅಲ್ಲಿ ನಿಜವಾದ ಅಚ್ಚರಿ ಇರುವುದು. ಬಾಗಿಲು ದಾಟಿದರೆ ಭಾರತ ಮುಗಿದುಹೋಗುತ್ತದೆ. ಒಳಗಿನ ಕೋಣೆಗಳು, ಅಲಂಕಾರ, ಕಂಬ, ಗೋಡೆಯ ಪಟ್ಟಿಗಳು ಎಲ್ಲ ಆ ಕಾಲದ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಗ್ರೀಕ್-ರೋಮನ್ ಶೈಲಿಯವು. ನಡುವೆ ಭವ್ಯವಾದ ಮೆಟ್ಟಿಲುಸಾಲು. ಅದು ನಿಂತಿರುವುದು ಎರಕದ ಕಬ್ಬಿಣದ ತೊಲೆಗಳ ಮೇಲೆ. ಅಂದರೆ ಕಟ್ಟಡವನ್ನು ಎತ್ತಿ ಹಿಡಿದದ್ದು ಆ ಕಾಲದ ಇಂಗ್ಲಿಷ್ ಕಾರ್ಖಾನೆಯ ತಂತ್ರಜ್ಞಾನ, ಮನೆಯವರು ಬದುಕಿದ್ದು ಇಂಗ್ಲಿಷ್ ಕೋಣೆಗಳಲ್ಲಿ. ಮೊಘಲ್ ಎಂಬುದು ಮೈಮೇಲೆ ಹೊದ್ದ ಶಾಲು ಮಾತ್ರ.

ಛಜ್ಜಾವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಇದು ಯಾರಿಗೂ ಹೊಸದಲ್ಲ. ಊರಿನ ಮೇಸ್ತ್ರಿಗಳು ಇಂದಿಗೂ ಕಿಟಕಿಯ ಮೇಲೆ ಹಾಕುವ ‘ಸಜ್ಜಾ’ ಇದೇ. ನನ್ನ ಮಾಮ ಗಾರೆ ಕೆಲಸದವರು. "ಸಜ್ಜಾ ಯಾಕೆ ಹಾಕ್ತೀರಿ ಮಾಮಾ?" ಎಂದು ಕೇಳಿದೆ. "ಬಿಸಿಲು ಒಳಗೆ ಬೀಳಬಾರದು, ಮಳೆನೀರು ಗೋಡೆಗೆ ಇಳಿಯಬಾರದು, ಅಷ್ಟೇ ಕಣಪ್ಪ. ಅದಿಲ್ದಿದ್ರೆ ಎರಡು ಮಳೆಗಾಲಕ್ಕೆ ಕಿಟಕಿ ಹೋಯ್ತು" ಎಂದರು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿರುವ ನಾಡಿನಲ್ಲಿ ಸಜ್ಜಾ ಇಡೀ ಗೋಡೆಗೆ ನೆರಳು ಕೊಡುತ್ತದೆ. ಆಗ್ರಾದಲ್ಲೂ ಅದರ ಕೆಲಸ ಅದೇ. ಇಂಗ್ಲೆಂಡಿನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಅಲ್ಲಿನವರಿಗೆ ಬಿಸಿಲು ಒಳಗೆ ಬಂದಷ್ಟೂ ಸಂತೋಷ. ಹಾಗಾಗಿ ಸೆಜಿನ್‌ಕೋಟ್‌ನ ಛಜ್ಜಾಕ್ಕೆ ನೆರಳು ಕೊಡುವ ಕೆಲಸ ಇಲ್ಲ. ಅದು ನೋಡಲು ಇದೆ.

ಗುಮ್ಮಟದ ಮಾತೂ ಅಷ್ಟೇ. ವಿಜಯಪುರದ ಗೋಲಗುಮ್ಮಟದ ಒಳಗೆ ನಿಂತವರಿಗೆ ಗುಮ್ಮಟ ಎಂದರೆ ಏನೆಂದು ಗೊತ್ತು. ನಡುವೆ ಒಂದೂ ಕಂಬವಿಲ್ಲದೆ ಅಷ್ಟು ದೊಡ್ಡ ಹಜಾರವನ್ನು ಮುಚ್ಚಲು 1656ರಲ್ಲಿ ಇದ್ದ ಉಪಾಯ ಅದು. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟದ ಭಾರವನ್ನು ಒಂದನ್ನೊಂದು ಹಾದುಹೋಗುವ ಕಮಾನುಗಳು ಹಂಚಿಕೊಂಡು ಗೋಡೆಗೆ ಇಳಿಸುತ್ತವೆ. ಅಲ್ಲಿ ಗುಮ್ಮಟವನ್ನು ತೆಗೆದರೆ ಕಟ್ಟಡವೇ ಇಲ್ಲ. ಸೆಜಿನ್‌ಕೋಟ್‌ನಲ್ಲಿ ಗುಮ್ಮಟದ ಬದಲು ಸಾದಾ ಚಾವಣಿ ಹಾಕಿದ್ದರೂ ಕೆಳಗಿನ ಕೋಣೆಗಳಿಗೆ, ಅಲ್ಲಿ ಬದುಕುವವರಿಗೆ ಹೆಚ್ಚೇನೂ ವ್ಯತ್ಯಾಸ ಆಗುತ್ತಿರಲಿಲ್ಲ.

ಇದನ್ನು ಹೇಳಿದ ಮೇಲೆ, ಹೆಮ್ಮೆಪಡುವ ಗೆಳೆಯರಿಗೆ ನನ್ನ ಮಾತು ಇಷ್ಟು. ಅವರು ಕೊಂಡೊಯ್ದದ್ದು ಆಕಾರವನ್ನು, ಅದರ ಹಿಂದಿನ ಬುದ್ಧಿಯನ್ನಲ್ಲ. ನಮ್ಮ ಅಕ್ಷರವನ್ನು ಯಾರೋ ಚೆಂದವಾಗಿದೆ ಎಂದು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರೆ ಅವರು ಕನ್ನಡ ಕಲಿತಂತಾಗುವುದಿಲ್ಲ. ಅದಕ್ಕಾಗಿ ನಾವು ಬೀಗುವಂಥದ್ದೂ ಇಲ್ಲ.

ಸಿಟ್ಟಾಗುವ ಗೆಳೆಯರಿಗೂ ಒಂದು ಮಾತು. ಹಣದ ಮೂಲದ ಬಗ್ಗೆ ನಿಮ್ಮ ಪ್ರಶ್ನೆ ಸರಿಯಾದದ್ದೇ. ಆದರೆ ಆ ಪ್ರಶ್ನೆಯನ್ನು ಗುಮ್ಮಟ ಇರುವ ಮನೆಗೆ ಮಾತ್ರ ಕೇಳಿದರೆ ಸಾಲದು. ಗ್ರೀಕ್ ಕಂಬ ನಿಲ್ಲಿಸಿಕೊಂಡು ಸಾಧುವಾಗಿ ಕಾಣುವ ಎಷ್ಟೋ ಬಂಗಲೆಗಳಿಗೂ ಕೇಳಬೇಕು. ಇಂಗ್ಲೆಂಡಿನಲ್ಲೇ ಹಳೆಯ ಮನೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 2020ರಲ್ಲಿ ಒಂದು ವರದಿ ತಂದಿತು. ತನ್ನ ಕೈಯಲ್ಲಿರುವ 93 ಸ್ಥಳಗಳಿಗೆ ವಸಾಹತು ಆಳ್ವಿಕೆ ಮತ್ತು ಗುಲಾಮಗಿರಿಯ ನಂಟಿದೆ ಎಂದು ಅದು ಪಟ್ಟಿ ಮಾಡಿತು. ಅಲ್ಲಿ ಅದಕ್ಕೆ ದೊಡ್ಡ ಗಲಾಟೆಯೇ ಆಯಿತು. ವೇಲ್ಸ್‌ನ ಪೊವಿಸ್ ಕೋಟೆಯೂ ಅದೇ ಸಂಸ್ಥೆಯದು. ಹೊರಗಿನಿಂದ ಅದು ಅಪ್ಪಟ ಬ್ರಿಟಿಷ್ ಕೋಟೆ. ಗುಮ್ಮಟ ಇಲ್ಲ, ಛತ್ರಿ ಇಲ್ಲ. ಒಳಗೆ ಇರುವುದು ಟಿಪ್ಪು ಸುಲ್ತಾನನ ಹೂಬಳ್ಳಿಯ ಡೇರೆ, ಅವನ ಸಿಂಹಾಸನದ ಚಿನ್ನದ ಹುಲಿಯ ತಲೆ. ಕಟ್ಟಡದ ಮುಖ ನೋಡಿ ಅದರ ಚರಿತ್ರೆ ಹೇಳಲು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸೆಜಿನ್‌ಕೋಟ್‌ನ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1807ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ನಾಲ್ಕನೇ ಜಾರ್ಜ್ ಎಂಬ ಹೆಸರಿನಲ್ಲಿ ರಾಜನಾದವನು, ಈ ಮನೆಯನ್ನು ನೋಡಲು ಬಂದ. ಅವನಿಗೂ ಅಂಥದ್ದೇ ಬೇಕೆನಿಸಿತು. ಸಮುದ್ರದ ದಂಡೆಯ ಬ್ರೈಟನ್‌ನಲ್ಲಿದ್ದ ಅವನ ಅರಮನೆಗೆ ಹಂಫ್ರಿ ರೆಪ್ಟನ್ ಎಂಬ ಉದ್ಯಾನಶಿಲ್ಪಿ ಭಾರತೀಯ ಮಾದರಿಯ ನಕ್ಷೆ ಬರೆದುಕೊಟ್ಟ. ಆದರೆ ಕೆಲಸ ಸಿಕ್ಕಿದ್ದು ಜಾನ್ ನ್ಯಾಶ್‌ಗೆ. 1815ರಿಂದ 1822ರ ನಡುವೆ ನ್ಯಾಶ್ ಕಟ್ಟಿದ ರಾಯಲ್ ಪೆವಿಲಿಯನ್ ಗುಮ್ಮಟ, ಮಿನಾರುಗಳ ಒಂದು ಜಾತ್ರೆಯಂತಿದೆ. ಒಳಗೆ ಹೋದರೆ ಗೋಡೆಯ ತುಂಬ ಚೀನಾದ ಡ್ರ್ಯಾಗನ್‌ಗಳು.

ಆ ಕಟ್ಟಡಕ್ಕೆ ನೂರು ವರ್ಷದ ನಂತರ ಬಂದವರ ಬಗ್ಗೆ ಓದಿದಾಗ ನನ್ನ ಮನಸ್ಸು ಭಾರವಾಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಫ್ರಾನ್ಸ್‌ನಲ್ಲಿ ಹೋರಾಡಿ ಗಾಯಗೊಂಡ ಭಾರತೀಯ ಸೈನಿಕರಿಗೆ 1914ರ ಕೊನೆಯಲ್ಲಿ ಈ ಪೆವಿಲಿಯನ್ ಆಸ್ಪತ್ರೆಯಾಯಿತು. ಬೇರೆ ಬೇರೆ ಧರ್ಮ, ಜಾತಿಯ ಊಟದ ಕಟ್ಟುಪಾಡಿಗಾಗಿ ಒಂಬತ್ತು ಅಡುಗೆಮನೆ ಮಾಡಿದರು. ಮುಸ್ಲಿಂ ಸೈನಿಕರು ಪೂರ್ವದ ಹುಲ್ಲುಹಾಸಿನಲ್ಲಿ ಕಿಬ್ಲಾ ಕಡೆ ಮುಖಮಾಡಿ ನಮಾಜ್ ಮಾಡುತ್ತಿದ್ದರು. ರಾಜನ ವಿಲಾಸಕ್ಕೆಂದು ಕಟ್ಟಿದ, ಎಂದೂ ಮಸೀದಿಯಾಗಿರದ ಗುಮ್ಮಟಗಳ ನೆರಳಿನಲ್ಲಿ ನಿಜವಾದ ಪ್ರಾರ್ಥನೆ ನಡೆಯಿತು. ಅಲ್ಲಿ ತೀರಿಕೊಂಡ ಮುಸ್ಲಿಂ ಸೈನಿಕರನ್ನು ವೋಕಿಂಗ್ ಎಂಬ ಊರಿನಲ್ಲಿ, 1889ರಲ್ಲಿ ಭೋಪಾಲದ ಬೇಗಂ ಶಾಹಜಹಾನ್ ಹೆಸರಿನಲ್ಲಿ ಕಟ್ಟಿದ ಮಸೀದಿಗೆ ಹತ್ತಿರವಾಗಿ ದಫನು ಮಾಡಿದರು. ಹಿಂದೂ, ಸಿಖ್ ಸೈನಿಕರ ದಹನ ನಡೆದ ಬ್ರೈಟನ್ ಹೊರಗಿನ ಗುಡ್ಡದ ಮೇಲೆ 1921ರಲ್ಲಿ ಒಂದು ಛತ್ರಿ ಎದ್ದಿತು. ಬಿಳಿ ಅಮೃತಶಿಲೆಯದು, ಅಲಂಕಾರ ಕಡಿಮೆ. ನಮ್ಮ ನಾಡಿನಲ್ಲಿ ಛತ್ರಿ ಎಂದರೆ ಸತ್ತವರ ನೆನಪು. ಸೆಜಿನ್‌ಕೋಟ್‌ನ ಚಾವಣಿಯ ಮೇಲೆ ಬರೀ ಅಲಂಕಾರವಾಗಿದ್ದ ಆಕಾರ ಆ ಗುಡ್ಡದ ಮೇಲೆ ತನ್ನ ಕೆಲಸವನ್ನು ಮರಳಿ ಪಡೆಯಿತು. ಇಂಗ್ಲೆಂಡಿನಲ್ಲಿರುವ ‘ಭಾರತೀಯ’ ಕಟ್ಟಡಗಳಲ್ಲಿ ನಾನು ಹೋಗಿ ನೋಡಬೇಕೆಂದು ಆಸೆಪಡುವುದು ಅದೊಂದನ್ನೇ.

ಹಾಗಾದರೆ ಕಟ್ಟಡದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಯಾವುದು? "ಇದು ಯಾರ ಶೈಲಿ" ಎಂಬುದಲ್ಲ. "ಈ ಭಾಗ ಇಲ್ಲಿ ಯಾರಿಗಾಗಿ, ಏನು ಕೆಲಸ ಮಾಡುತ್ತಿದೆ" ಎಂಬುದು. ಆ ಪ್ರಶ್ನೆ ಕೇಳಿದರೆ ಸೆಜಿನ್‌ಕೋಟ್‌ನ ಗುಮ್ಮಟ ಒಬ್ಬ ಶ್ರೀಮಂತನ ಗುರುತುಚೀಟಿಯಾಗಿ ಕಾಣುತ್ತದೆ. ಗೋಲಗುಮ್ಮಟದ ಗುಮ್ಮಟ ಎಂಜಿನಿಯರಿಂಗ್ ಆಗಿ ಕಾಣುತ್ತದೆ. ಬ್ರೈಟನ್‌ನ ಛತ್ರಿ ಗೌರವವಾಗಿ ಕಾಣುತ್ತದೆ.

ಈಗ ನಮ್ಮ ಅಂಗಳಕ್ಕೆ ಬರುತ್ತೇನೆ. ನಮ್ಮ ಕಾಲೇಜಿನ ಹೊಸ ಬ್ಲಾಕ್‌ನ ನಕ್ಷೆಯ ಚಿತ್ರವನ್ನು ಕಚೇರಿಯ ಎದುರು ಹಾಕಿದ್ದಾರೆ. ಎಲ್ಲರೂ ನೋಡಿದ್ದೀರಿ. ಮುಂಭಾಗದಲ್ಲಿ ಗುಮ್ಮಟ, ಎರಡೂ ಪಕ್ಕ ಮಿನಾರು, ನಡುವೆ ಎತ್ತರದ ಕಮಾನು, ಕಮಾನಿನ ತುಂಬ ಗಾಜು. ಚಿತ್ರ ಸೊಗಸಾಗಿದೆ. ಆದರೆ ಅದೇ ಚಿತ್ರದಲ್ಲಿ ತರಗತಿಗಳ ಸಾಲು ಪಶ್ಚಿಮಕ್ಕೆ ಮುಖ ಮಾಡಿದೆ, ಕಿಟಕಿಗಳಿಗೆ ಸಜ್ಜಾ ಇಲ್ಲ. ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಮಧ್ಯಾಹ್ನದ ಮೇಲೆ ಆ ಕೋಣೆಗಳಲ್ಲಿ ಕೂರುವವರು ನಾವು, ನಮ್ಮ ತಮ್ಮಂದಿರು, ತಂಗಿಯರು. ಹೊರಗೆ ಮೊಘಲ್, ಒಳಗೆ ಒಲೆ ಎಂದಾದರೆ ಕಾಕರೆಲ್ ಸಾಹೇಬರ ಮನೆಗೂ ನಮ್ಮ ಬ್ಲಾಕಿಗೂ ಏನು ವ್ಯತ್ಯಾಸ?

"ನಮ್ಮ ಸಂಸ್ಥೆ ಎಂದು ದೂರದಿಂದಲೇ ಗೊತ್ತಾಗಬೇಡವೇ? ಗುಮ್ಮಟ ನಮ್ಮ ಗುರುತು ಅಲ್ಲವೇ?" ಎಂದು ಕೆಲವರು ಕೇಳಬಹುದು. ಆ ಭಾವನೆ ನನಗೂ ಅರ್ಥವಾಗುತ್ತದೆ. ನಮ್ಮ ಕಟ್ಟಡಗಳನ್ನು ಪರಕೀಯ ಎಂದು ಕರೆಯುವ ಮಾತು ಕೇಳಿದಾಗಲೆಲ್ಲ ಗುಮ್ಮಟವನ್ನು ಇನ್ನಷ್ಟು ಎತ್ತರಕ್ಕೆ ಕಟ್ಟಬೇಕು ಅನಿಸುವುದು ಸಹಜ. ಆದರೆ ಆ ಪರಂಪರೆಯಿಂದ ನಮಗೆ ಬಂದದ್ದು ಗುಮ್ಮಟ ಒಂದೇ ಅಲ್ಲ. ನೆರಳು ಕೊಡುವ ಛಜ್ಜಾ, ಬಿಸಿಲನ್ನು ಸೋಸಿ ಗಾಳಿಯನ್ನು ಮಾತ್ರ ಒಳಗೆ ಬಿಡುವ ಜಾಲಿ, ನಡುವೆ ತೆರೆದ ಅಂಗಳ, ವುಜೂ ಮಾಡಲು ನೀರು, ದಪ್ಪ ಗೋಡೆಯ ತಂಪು ಎಲ್ಲವೂ ಅದೇ ಆಸ್ತಿ. ಇವು ದೂರದ ರಸ್ತೆಯಿಂದ ಕಾಣುವುದಿಲ್ಲ. ಒಳಗೆ ಕುಳಿತವರಿಗೆ ಗೊತ್ತಾಗುತ್ತವೆ.

ಆಡಳಿತ ಮಂಡಳಿಯ ಹಿರಿಯರಲ್ಲಿ, ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ವಿನಂತಿ ಇಷ್ಟೇ. ಗುಮ್ಮಟ ಬೇಡ ಎಂದು ನಾನು ಹೇಳುತ್ತಿಲ್ಲ. ಸಜ್ಜಾ ಮೊದಲು, ಗುಮ್ಮಟ ಆಮೇಲೆ. ಕಿಟಕಿಗಳ ಮೇಲೆ ಎರಡಡಿ ಸಜ್ಜಾ, ವರಾಂಡದ ಬದಿಗೆ ಸಿಮೆಂಟಿನ ಜಾಲಿ, ಗ್ರಂಥಾಲಯಕ್ಕೆ ಉತ್ತರದ ಬೆಳಕು. ನಕ್ಷೆ ಇನ್ನೂ ಕಾಗದದ ಮೇಲಿದೆ, ಪಾಯ ತೋಡಿಲ್ಲ. ಕಾಗದದ ಮೇಲೆ ಗೆರೆ ತಿದ್ದುವುದಕ್ಕೆ ಖರ್ಚಿಲ್ಲ. ಒಮ್ಮೆ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು, ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ ಎಂದು ಕೇಳಿ. ನಮ್ಮಷ್ಟು ಚೆನ್ನಾಗಿ ಅದು ಯಾವ ಎಂಜಿನಿಯರಿಗೂ ಗೊತ್ತಿಲ್ಲ.

ಗೆಳೆಯರಲ್ಲೂ ಒಂದು ವಿನಂತಿ. ಮುಂದಿನ ಶೈಕ್ಷಣಿಕ ಪ್ರವಾಸದಲ್ಲಿ ಯಾವುದೇ ಹಳೆಯ ಕಟ್ಟಡದ ಮುಂದೆ ಸೆಲ್ಫಿ ತೆಗೆಯುವ ಮೊದಲು ಹತ್ತು ನಿಮಿಷ ನೋಟ್‌ಬುಕ್ಕಿನಲ್ಲಿ ಅದರ ಒಂದು ಕಿಟಕಿಯನ್ನು ಬರೆಯಿರಿ. ಚಿತ್ರ ಸೊಟ್ಟಗಾದರೂ ಪರವಾಗಿಲ್ಲ. ನೆರಳು ಎಲ್ಲಿ ಬೀಳುತ್ತದೆ, ನೀರು ಎಲ್ಲಿಂದ ಹರಿಯುತ್ತದೆ, ಭಾರ ಎಲ್ಲಿಗೆ ಇಳಿಯುತ್ತದೆ ಎಂದು ಬಾಣದ ಗುರುತು ಹಾಕಿ. ಡೇನಿಯಲ್‌ಗಳು ನಮ್ಮ ಕಟ್ಟಡಗಳನ್ನು ಬರೆದುಕೊಂಡು ಹೋಗಿ ಇನ್ನೂರು ವರ್ಷದ ಮೇಲಾಯಿತು. ನಾವು ಇನ್ನೂ ಬರೆಯಲು ಶುರು ಮಾಡಿಲ್ಲ.